ರೇಖೆ ಕಲಿಯಲು ಹೆಜ್ಜೆ ಕಲಿತವರು

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿ. ಕೈ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಫೋನಿನಲ್ಲಿ ಸಿಕ್ಕಿದ ಫೋಟೊ ನೋಡಿಕೊಂಡು ಯಕ್ಷಗಾನದ ವೇಷಗಳನ್ನು ಹಾಗೆಯೇ ಬರೆಯಬಲ್ಲೆ. ಫೋಟೊ ತೆಗೆದಿಟ್ಟರೆ ಮಾತ್ರ ಒಂದು ಗೆರೆಯೂ ಏಳುವುದಿಲ್ಲ. ಕಳೆದ ವರ್ಷ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿದೆ. ಏಳೆಂಟು ಗೆರೆಗಳಲ್ಲಿ ಕುಣಿಯುವ ಮನುಷ್ಯ! ಅಂಥ ಗೆರೆ ಹೇಗೆ ಬರುತ್ತದೆ? ದೊಡ್ಡ ಕಲಾವಿದರಿಗೆ ಪ್ರೇರಣೆ ಎಲ್ಲಿಂದ ಸಿಗುತ್ತದೆ? ನಮ್ಮ ಮನೆಯಲ್ಲಿ ಕಲಾವಿದರು ಯಾರೂ ಇಲ್ಲ; ಅಜ್ಜಿ ಮಾತ್ರ ಮದುವೆಮನೆಗಳಲ್ಲಿ ಹಸೆ ಚಿತ್ತಾರ ಬರೆಯುತ್ತಿದ್ದರು. ಈಗ ಅವರಿಗೆ ವಯಸ್ಸಾಗಿದೆ.

ಉತ್ತರ:

ನಿಮ್ಮ ಪತ್ರದ ಕೊನೆಯ ಎರಡು ಸಾಲು ನನ್ನನ್ನು ಬಿಡುತ್ತಿಲ್ಲ. ಆದರೆ ನೀವು ಮೊದಲು ಕೇಳಿದ್ದು ಹೆಬ್ಬಾರರ ಗೆರೆಯ ಬಗ್ಗೆ. ಅಲ್ಲಿಂದ ಹೊರಟು ಆ ಎರಡು ಸಾಲಿಗೆ ಬರುತ್ತೇನೆ.

ಕುಣಿಯುವವರನ್ನು ಬರೆಯಬೇಕು ಅನ್ನಿಸಿದಾಗ ಹೆಬ್ಬಾರರು ಕುಣಿಯುವುದನ್ನೇ ಕಲಿತರು. ಮುಂಬೈಯಲ್ಲಿ ಪಂಡಿತ್ ಸುಂದರ್ ಪ್ರಸಾದ್ ಅವರಲ್ಲಿ ಸುಮಾರು 2 ವರ್ಷ ಕಥಕ್ ಅಭ್ಯಾಸ ಮಾಡಿದರು. ವೇದಿಕೆ ಏರುವ ಆಸೆ ಅವರಿಗಿರಲಿಲ್ಲ. ಲಯ ಎಂದು ಎಲ್ಲರೂ ಹೇಳುವ ಆ ವಸ್ತು ಮೈಯಲ್ಲಿ ಎಲ್ಲಿ ಹುಟ್ಟುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿ ಬಂದು ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತಾಗಬೇಕಿತ್ತು. ನೀವು ನೋಡಿದ ಗೆರೆ ಅಲ್ಲಿಂದ ಬಂದದ್ದು. ನಾವು ಪ್ರೇರಣೆಯನ್ನು ಮಳೆಯ ಹಾಗೆ ಮಾತಾಡುತ್ತೇವೆ, ಬಂದರೆ ಬಂತು, ಇಲ್ಲದಿದ್ದರೆ ಆಕಾಶ ನೋಡುತ್ತಾ ಕೂರಬೇಕು ಎಂಬಂತೆ. ನನಗೆ ತಿಳಿದ ಮಟ್ಟಿಗೆ ಒಳ್ಳೆಯ ಚಿತ್ರಕಾರರು ತಮ್ಮನ್ನು ಸೆಳೆದದ್ದರ ಬಾಗಿಲಿಗೆ ತಾವೇ ಹೋಗಿದ್ದಾರೆ, ಚಪ್ಪಲಿ ಹೊರಗೆ ಬಿಟ್ಟು ಶಿಷ್ಯರಾಗಿ ಒಳಗೆ ಕೂತಿದ್ದಾರೆ. ನಿಮಗೆ ಹೇಳಬೇಕೆಂದಿರುವುದೆಲ್ಲ ಇದೇ. ಉಳಿದದ್ದು ಇದರ ವಿವರ.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಹುಟ್ಟಿದ್ದು 1911ರಲ್ಲಿ, ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ. ತಂದೆ ಚೌತಿಗೆ ಮಣ್ಣಿನ ಗಣಪತಿ ಮಾಡುತ್ತಿದ್ದವರು. ಆ ಸೀಮೆಯಲ್ಲಿ ಹುಟ್ಟಿದ ಹುಡುಗನಿಗೆ ಬಣ್ಣ ಮತ್ತು ಕುಣಿತ ಹುಡುಕಿಕೊಂಡು ಹೋಗಬೇಕಾದ ವಸ್ತುಗಳಾಗಿರಲಿಲ್ಲ. ಗದ್ದೆ ಕೊಯ್ದ ಮೇಲೆ ಯಕ್ಷಗಾನದ ಮೇಳ, ದೈವದ ಕೋಲ, ತೇರು, ರಾತ್ರಿಯಿಡೀ ಚೆಂಡೆ. ಆದರೂ ಅವರ ಆರಂಭದ ಚಿತ್ರಗಳಲ್ಲಿ ಈ ಕುಣಿತ ಇಲ್ಲ. ಮುಂಬೈಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಓದಿ 1938ರಲ್ಲಿ ಡಿಪ್ಲೊಮಾ ಪಡೆದರು, ಆಮೇಲೆ ಕೆಲವು ವರ್ಷ ಅಲ್ಲೇ ಪಾಠ ಮಾಡಿದರು. ಅಲ್ಲಿ ಕಲಿಸುತ್ತಿದ್ದದ್ದು ಇದ್ದದ್ದನ್ನು ಇದ್ದಂತೆ ಬರೆಯುವ ವಿದ್ಯೆ: ನೆರಳು-ಬೆಳಕು, ಅಂಗರಚನೆ, ದೂರ-ಹತ್ತಿರದ ಲೆಕ್ಕ. ಅದೆಲ್ಲ ಅವರ ಕೈಗೆ ಬಂತು. ಕೈಗೆ ಬಂದ ಮೇಲೆ, ನೀವು ಈಗ ನಿಂತಿರುವ ಜಾಗದಲ್ಲೇ ಅವರೂ ನಿಂತರು. ಹಾಗೆಯೇ ಬರೆಯಬಲ್ಲೆ, ಮುಂದೇನು?

ಆಗ ಅವರ ಕಣ್ಣಿಗೆ ಬಿದ್ದವರು ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್. ಹೆಬ್ಬಾರರು ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, 1937ರಲ್ಲಿ, ಶೇರ್‌ಗಿಲ್ ಅವರಿಗೆ ಬಾಂಬೆ ಆರ್ಟ್ ಸೊಸೈಟಿಯ ಚಿನ್ನದ ಪದಕ ಸಿಕ್ಕಿತು. ಅದೇ ಸುಮಾರಿಗೆ ಆಕೆ ಅಜಂತಾ ನೋಡಿ, ದಕ್ಷಿಣಕ್ಕೆ ಬಂದು, ಇಲ್ಲಿನ ಕಪ್ಪು ಮೈಯ ಜನರನ್ನು ದೊಡ್ಡ ದೊಡ್ಡ ಸರಳ ಆಕಾರಗಳಲ್ಲಿ ಬರೆದರು. ಹೆಬ್ಬಾರರ ಆ ಕಾಲದ ಚಿತ್ರಗಳ ಮುಂದೆ ನಿಂತರೆ ಶೇರ್‌ಗಿಲ್ ಎಷ್ಟು ಒಳಗೆ ಇಳಿದಿದ್ದರು ಎಂಬುದು ಮೊದಲ ನೋಟಕ್ಕೇ ಗೊತ್ತಾಗುತ್ತದೆ. ಆಕೆಯ ಹಿಂದೆ ಫ್ರಾನ್ಸಿನ ಚಿತ್ರಕಾರ ಪಾಲ್ ಗೊಗ್ಯಾಂ ಇದ್ದಾನೆ, ಅವನ ಚಪ್ಪಟೆ ಬಣ್ಣ, ಮಿತವಾದ ನೆರಳು. ಹೆಬ್ಬಾರರು ಅವನನ್ನೂ ಬಿಡಲಿಲ್ಲ. ಜತೆಗೆ ಪಶ್ಚಿಮ ಭಾರತದ ಜೈನ ಹಸ್ತಪ್ರತಿಗಳನ್ನು ನೋಡಿದರು. ಆ ಪುಟಗಳನ್ನು ನೀವು ಪುಸ್ತಕದಲ್ಲಾದರೂ ನೋಡಿರಬಹುದು. ಪಕ್ಕಕ್ಕೆ ತಿರುಗಿದ ಮುಖ, ಆಚೆ ಬದಿಯ ಕಣ್ಣು ಮುಖದ ಗೆರೆ ದಾಟಿ ಹೊರಗೆ ಬಂದಿರುತ್ತದೆ. ತಂತಿಯಂತೆ ಬಿಗಿಯಾದ ಗೆರೆ ಇಡೀ ಆಕೃತಿಯನ್ನು ಹಿಡಿದಿಟ್ಟಿರುತ್ತದೆ. ಬಣ್ಣ ಅಳಿಸಿದರೂ ಆ ಚಿತ್ರ ಉಳಿಯುತ್ತದೆ, ಗೆರೆ ಅಳಿಸಿದರೆ ಏನೂ ಉಳಿಯುವುದಿಲ್ಲ. 1949-50ರಲ್ಲಿ ಪ್ಯಾರಿಸ್ಸಿಗೆ ಹೋಗಿ ಅಕಾಡೆಮಿ ಜೂಲಿಯಾಂನಲ್ಲಿ ಕಲಿತರು.

ಇಷ್ಟು ಜನರಿಂದ ತೆಗೆದುಕೊಂಡದ್ದು ನಕಲಾಯಿತೇ? ನಿಮ್ಮ ಪತ್ರದ ಹಿಂದೆ ಈ ಅಂಜಿಕೆ ಇದೆ ಎಂದು ನನಗೆ ಅನ್ನಿಸಿತು. ವೀಣೆ ಕಲಿಯುವ ಹುಡುಗಿ ಹತ್ತು ವರ್ಷ ಗುರುವಿನ ಬಾನಿಯಲ್ಲೇ ನುಡಿಸುತ್ತಾಳೆ, ಯಾರೂ ಅವಳನ್ನು ನಕಲು ಎನ್ನುವುದಿಲ್ಲ. ಯಕ್ಷಗಾನದಲ್ಲಿ ಹೊಸ ವೇಷಧಾರಿಯ ಹೆಜ್ಜೆಯಲ್ಲಿ ಹಿರಿಯ ವೇಷಧಾರಿಯ ನೆರಳು ಕಂಡರೆ ಹಳೇ ಪ್ರೇಕ್ಷಕರಿಗೆ ಸಂತೋಷವೇ. ಚಿತ್ರಕಲೆಯವರು ಮಾತ್ರ ಯಾಕೋ ಮೊದಲ ದಿನವೇ ತಮ್ಮದೇ ಗೆರೆ ಬೇಕೆಂದು ಹಟ ಹಿಡಿಯುತ್ತೇವೆ. ಶೇರ್‌ಗಿಲ್ ಚಿತ್ರವನ್ನು ನೋಡಿ ಬರೆದರೆ ಆಕೆ ಏನನ್ನು ಬಿಟ್ಟರು, ಯಾಕೆ ಬಿಟ್ಟರು ಎಂದು ಕೈಗೆ ತಿಳಿಯುತ್ತದೆ. ಒಬ್ಬ ಮನುಷ್ಯನ ತೀರ್ಮಾನಗಳ ಹಿಂದೆ ನಡೆದಂತೆ ಅದು. ಫೋಟೊ ನೋಡಿ ಬರೆಯುವಾಗ ಹಿಂಬಾಲಿಸಲು ಅಂಥ ತೀರ್ಮಾನಗಳು ಕಡಿಮೆ. ಎಲ್ಲಿ ನಿಲ್ಲಬೇಕು, ಯಾವ ಕ್ಷಣ ಒತ್ತಬೇಕು ಎಂಬುದನ್ನು ಫೋಟೊ ತೆಗೆದವರು ಮುಗಿಸಿಬಿಟ್ಟಿದ್ದಾರೆ, ಉಳಿದದ್ದನ್ನು ಯಂತ್ರ ತಾರತಮ್ಯವಿಲ್ಲದೆ ತುಂಬಿದೆ. ಅದನ್ನು ಹಾಗೆಯೇ ತಿದ್ದಿ ತೀಡಿದರೆ ಕೈ ಚುರುಕಾಗುತ್ತದೆ, ಕಣ್ಣಿಗೆ ಮಾತ್ರ ಕೆಲಸವೇ ಇರುವುದಿಲ್ಲ.

ಯಕ್ಷಗಾನದ ಫೋಟೊದಲ್ಲಿ ಇನ್ನೂ ಒಂದು ಕಷ್ಟವಿದೆ. ವೇಷಧಾರಿ ಹಾರಿ ಮಂಡಿಯೂರುವ ಒಂದು ಫೋಟೊ ತೆಗೆದು ನೋಡಿ. ಸೆಕೆಂಡಿನ ಐನೂರರಲ್ಲಿ ಒಂದು ಭಾಗವನ್ನು ಕ್ಯಾಮೆರಾ ಕತ್ತರಿಸಿ ಕೊಟ್ಟಿರುತ್ತದೆ. ಅದರಲ್ಲಿ ಹಾರಾಟ ಇರುವುದಿಲ್ಲ. ನೆಲದಿಂದ ಒಂದಡಿ ಮೇಲೆ ಯಾರೋ ತೂಗುಹಾಕಿದ ಗೊಂಬೆಯಂತೆ ವೇಷ ಇರುತ್ತದೆ. ಇದು ಹಳೆಯ ಚರ್ಚೆ. 1878ರಲ್ಲಿ ಅಮೆರಿಕದಲ್ಲಿ ಎಡ್ವರ್ಡ್ ಮೈಬ್ರಿಜ್ ಓಡುವ ಕುದುರೆಯ ಫೋಟೊಗಳನ್ನು ಸಾಲಾಗಿ ತೆಗೆದು, ಚಿತ್ರಕಾರರು ಬರೆದಂತೆ ನಾಲ್ಕೂ ಕಾಲು ಹಿಂದೆ ಮುಂದೆ ಚಾಚಿ ಕುದುರೆ ಓಡುವುದೇ ಇಲ್ಲ ಎಂದು ತೋರಿಸಿಕೊಟ್ಟ. ಎಲ್ಲರೂ ಚಿತ್ರಕಾರರದೇ ತಪ್ಪು ಎಂದರು. ಶಿಲ್ಪಿ ರೊಡಾಂ ಒಪ್ಪಲಿಲ್ಲ. ಜೆರಿಕೊ 1821ರಲ್ಲಿ ಬರೆದ ಓಟದ ಕುದುರೆಗಳನ್ನು ಎತ್ತಿಕೊಂಡು ಅವನು ವಾದಿಸಿದ್ದು ಹೀಗೆ: ನಮ್ಮ ಕಣ್ಣು ಆ ಚಿತ್ರವನ್ನು ಹಿಂದಿನಿಂದ ಮುಂದಕ್ಕೆ ಓದುತ್ತದೆ, ಹಿಂಗಾಲಿನಲ್ಲಿ ನೆಗೆತ ಶುರುವಾಗಿದೆ, ಮುಂಗಾಲಿನಲ್ಲಿ ಮುಗಿಯುತ್ತಿದೆ. ಬೇರೆ ಬೇರೆ ಕ್ಷಣಗಳನ್ನು ಒಂದೇ ಮೈಯಲ್ಲಿ ಇಟ್ಟದ್ದರಿಂದಲೇ ಕುದುರೆ ಓಡುತ್ತದೆ. ಕಾಲ ಎಂದೂ ನಿಲ್ಲುವುದಿಲ್ಲವಾದ್ದರಿಂದ ಅದನ್ನು ನಿಲ್ಲಿಸಿ ತೋರಿಸುವ ಫೋಟೊವೇ ಸುಳ್ಳು ಹೇಳುತ್ತದೆ.

ಈಗ ಹೆಬ್ಬಾರರ ನರ್ತಕನನ್ನು ಮತ್ತೆ ನೋಡಿ. ಹಿಮ್ಮಡಿಯಿಂದ ಹೊರಟ ಗೆರೆ ಮೀನಖಂಡ ಹತ್ತಿ, ಸೊಂಟದ ಬಳಿ ಒಂದಿಷ್ಟು ಬಾಗಿ, ಬೆನ್ನಿನುದ್ದಕ್ಕೂ ಓಡಿ, ಭುಜ ದಾಟಿ ಬೆರಳಲ್ಲಿ ತೆರೆದುಕೊಳ್ಳುತ್ತದೆ. ನಡುವೆ ಎಲ್ಲೂ ಕೈ ಎತ್ತಿಲ್ಲ ಅನ್ನಿಸುತ್ತದೆ. ಪಾದ ಈಗ ನೆಲಕ್ಕೆ ಬಡಿಯುತ್ತಿದೆ, ಸೊಂಟ ಅದಾಗಲೇ ತಿರುಗಿ ಮುಗಿಸಿದೆ, ಕೈ ಇನ್ನು ಮೇಲಷ್ಟೇ ಚಾಚಲಿದೆ. ಮೂರು ಕ್ಷಣಗಳು, ಒಂದು ಗೆರೆ. ಹೊರಗೆ ನಿಂತು ನೋಡುವವನಿಗೆ ಮೊದಲು ಕಾಣುವುದು ಕೈ, ಯಾಕೆಂದರೆ ಅಲಂಕಾರವೆಲ್ಲ ಅಲ್ಲಿರುತ್ತದೆ. ಕುಣಿದವನಿಗೆ ಗೊತ್ತು, ಕೈ ಕೊನೆಯದು. ಎಲ್ಲ ಹೊರಡುವುದು ನೆಲದಿಂದ. ಕಥಕ್‌ನಲ್ಲಿ ತತ್ಕಾರ ಎನ್ನುತ್ತಾರೆ, ಬರೀ ಪಾದದ ಬಡಿತ. ಕಲಿಯುವವರು ತಿಂಗಳುಗಟ್ಟಲೆ ಅದೊಂದನ್ನೇ ಮಾಡಬೇಕು. ಆಮೇಲೆ ಚಕ್ಕರ್. ಎಷ್ಟೇ ಸುತ್ತು ತಿರುಗಿದರೂ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಸರಿಯಾಗಿ ಬಂದು ನಿಲ್ಲಬೇಕು, ಒಂದು ಮಾತ್ರೆ ಆಚೀಚೆಯಾದರೆ ಇಡೀ ಸುತ್ತು ಹಾಳು. ಹೆಬ್ಬಾರರ ಗೆರೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗಮನಿಸಿ. ಆ ನಿಲುಗಡೆಯಲ್ಲಿ ತಡವರಿಕೆಯಿಲ್ಲ. ಗೆರೆ ಸಮಕ್ಕೆ ಬಂದಿರುತ್ತದೆ. 1964ರಲ್ಲಿ ಅವರ ರೇಖಾಚಿತ್ರಗಳ ಸಂಗ್ರಹ ಹೊರಬಂದಾಗ ಅದಕ್ಕೆ ಇಟ್ಟ ಹೆಸರಿನ ಅರ್ಥ 'ಹಾಡುವ ರೇಖೆ'. ಹೆಸರು ಕೇಳಿದರೆ ಕವಿತ್ವದ ಮಾತು ಅನ್ನಿಸುತ್ತದೆ. ನನಗೆ ಅದು ಕಸುಬಿನ ಮಾತು. ಹಾಡಿನಂತೆ ಆ ರೇಖೆಗೂ ಎತ್ತುಗಡೆ ಇದೆ, ಉಸಿರಿದೆ, ಮುಕ್ತಾಯವಿದೆ.

ಇದನ್ನು ಹೆಬ್ಬಾರರೊಬ್ಬರೇ ಕಂಡುಕೊಂಡರು ಎನ್ನುವಂತಿಲ್ಲ. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿ ಚಿತ್ರಸೂತ್ರ ಎಂಬ ಭಾಗವಿದೆ, ಚಿತ್ರಕಲೆಯ ಬಗ್ಗೆ ನಮ್ಮಲ್ಲಿ ಉಳಿದಿರುವ ಅತ್ಯಂತ ಹಳೆಯ ಶಾಸ್ತ್ರಗ್ರಂಥಗಳಲ್ಲಿ ಒಂದು. ಆ ಖಂಡ ಆರಂಭವಾಗುವುದೇ ಇಂಥದೊಂದು ಪ್ರಶ್ನೋತ್ತರದಿಂದ. ವಜ್ರ ಎಂಬ ರಾಜ ಮಾರ್ಕಂಡೇಯ ಮುನಿಯನ್ನು ಕೇಳುತ್ತಾನೆ, ದೇವತಾ ಪ್ರತಿಮೆ ಮಾಡುವುದನ್ನು ಹೇಳಿಕೊಡಿ ಎಂದು. ಚಿತ್ರಸೂತ್ರ ತಿಳಿಯದವನಿಗೆ ಪ್ರತಿಮೆ ತಿಳಿಯದು ಎನ್ನುತ್ತಾನೆ ಮುನಿ. ಹಾಗಾದರೆ ಚಿತ್ರಸೂತ್ರ ಹೇಳಿ ಎಂದರೆ, ನೃತ್ತ ತಿಳಿಯದವನಿಗೆ ಅದು ಅರ್ಥವಾಗದು. ನೃತ್ತ ಹೇಳಿ ಎಂದರೆ, ವಾದ್ಯ ತಿಳಿಯಬೇಕು. ವಾದ್ಯಕ್ಕೆ ಗೀತ ಗೊತ್ತಿರಬೇಕು. ಕಲ್ಲು ಕೆತ್ತಲು ಬಂದ ರಾಜ ಕೊನೆಗೆ ಹಾಡು ಕಲಿಯಲು ಕೂರುತ್ತಾನೆ. ನಾನು ವಿದ್ಯಾರ್ಥಿಯಾಗಿದ್ದಾಗ ಇದನ್ನು ಓದಿ, ಎಲ್ಲ ಕಲೆಗಳೂ ಒಂದೇ ಎಂಬ ಸಭೆಯ ಮಾತು ಇದು ಎಂದುಕೊಂಡು ಪುಟ ತಿರುಗಿಸಿದ್ದೆ. ಎಷ್ಟೋ ವರ್ಷದ ನಂತರ, ಹೆಬ್ಬಾರರ ಕಥಕ್ ಅಭ್ಯಾಸದ ಬಗ್ಗೆ ಓದಿದಾಗ, ಆ ಪುಟ ಮತ್ತೆ ನೆನಪಾಯಿತು. ಮುನಿ ಕೊಟ್ಟದ್ದು ಪಾಠದ ಕ್ರಮ.

ಅದೇ ಗ್ರಂಥದಲ್ಲಿ ಇನ್ನೊಂದು ಮಾತಿದೆ, ನಿಮ್ಮ ತರಗತಿಯ ಗೋಡೆಯ ಮೇಲೆ ಬರೆದು ಹಾಕಬಹುದಾದದ್ದು: 'ರೇಖಾಂ ಪ್ರಶಂಸಂತ್ಯಾಚಾರ್ಯಾಃ', ಆಚಾರ್ಯರು ಹೊಗಳುವುದು ರೇಖೆಯನ್ನು. ಬೇರೆಯವರು ನೆರಳು-ಬೆಳಕನ್ನೋ ಆಭರಣವನ್ನೋ ಬಣ್ಣದ ವೈಭವವನ್ನೋ ಮೆಚ್ಚುತ್ತಾರಂತೆ. ಅಲೆ, ಬೆಂಕಿಯ ನಾಲಿಗೆ, ಹೊಗೆ, ಬಾವುಟ, ಇವನ್ನು ಗಾಳಿಯ ಗತಿಗೆ ತಕ್ಕಂತೆ ಬರೆಯಬಲ್ಲವನೇ ಚಿತ್ರ ಬಲ್ಲವನು ಎಂದೂ ಹೇಳುತ್ತದೆ. ಮಲಗಿದವನಿಗೂ ಸತ್ತವನಿಗೂ ಇರುವ ವ್ಯತ್ಯಾಸ ಗೆರೆಯಲ್ಲಿ ಕಾಣಬೇಕಂತೆ. ಇದನ್ನು ಬರೆದ ಮಹಾನುಭಾವ ಯಾರೇ ಇರಲಿ, ಅವನು ಬಹಳ ಹೊತ್ತು ನೋಡುತ್ತಾ ಕೂತವನು.

ಮೈಸೂರಿನ ಚಿತ್ರಕಾರ ಕೆ. ವೆಂಕಟಪ್ಪನವರ ಹೆಸರು ಹೇಳದೆ ಮುಂದೆ ಹೋಗಲಾರೆ. ಸ್ವಭಾವದಲ್ಲಿ ಹೆಬ್ಬಾರರಿಗೆ ತೀರಾ ಬೇರೆ. ಚಿತ್ರಗಾರರ ಮನೆತನ, ಮೈಸೂರು ಅರಮನೆಯ ಆಶ್ರಯ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ನೆರವಿನಿಂದಲೇ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತರು. ನಂದಲಾಲ್ ಬೋಸ್ ಅಲ್ಲಿ ಅವರ ಸಹಪಾಠಿ. ಊರಿಗೆ ಮರಳಿದ ಮೇಲೆ ಅವರಿಗೆ ವೀಣೆಯ ಹುಚ್ಚು ಹಿಡಿಯಿತು. ಹುಚ್ಚು ಎಂಬುದು ನನ್ನ ಮಾತಲ್ಲ, ತಮ್ಮ ವೀಣೆಯ ಹುಚ್ಚನ್ನೇ ವಸ್ತುವಾಗಿಟ್ಟುಕೊಂಡು ಅವರು ಒಂದು ಚಿತ್ರ ಬರೆದಿದ್ದಾರೆ. ಕಲಿತದ್ದು ವೀಣೆ ಶೇಷಣ್ಣನವರಲ್ಲಿ, ಅದಕ್ಕಿಂತ ಮೇಲಿನ ಗುರು ಆಗ ಮೈಸೂರಿನಲ್ಲಿ ಇರಲಿಲ್ಲ. ಅಭ್ಯಾಸಕ್ಕಾಗಿ ಕುಂಚ ಕೆಳಗಿಟ್ಟ ದಿನಗಳು ಎಷ್ಟೋ.

1920 ಮತ್ತು 30ರ ದಶಕಗಳಲ್ಲಿ ಅವರು ಬರೆದ ಊಟಿ, ಕೊಡೈಕೆನಾಲ್‌ಗಳ ಜಲವರ್ಣಗಳನ್ನು ನೋಡುವಾಗ ಆ ವೀಣೆ ನನಗೆ ಕೇಳಿಸುತ್ತದೆ. ಬೆಟ್ಟದ ಮೇಲೆ ಮಂಜು ಏಳುತ್ತಿರುತ್ತದೆ. ಮರದ ಹಸಿರು ಎಲ್ಲಿ ಮುಗಿಯಿತು, ಮಂಜಿನ ಬಿಳಿ ಎಲ್ಲಿ ಶುರುವಾಯಿತು ಹೇಳಲಾಗುವುದಿಲ್ಲ. ತಂತಿಯನ್ನು ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕ ಹಾಗೆಯೇ ಇರುತ್ತದೆ. ಕಲ್ಕತ್ತೆಯವರ ವಾಷ್ ಪದ್ಧತಿಯೂ ಇದಕ್ಕೆ ಒದಗಿ ಬಂತು. 1903ರಲ್ಲಿ ಯೊಕೊಯಾಮಾ ತೈಕಾನ್, ಹಿಶಿದಾ ಶುನ್‌ಸೊ ಎಂಬ ಜಪಾನಿನ ಇಬ್ಬರು ಚಿತ್ರಕಾರರು ಕಲ್ಕತ್ತೆಗೆ ಬಂದಿದ್ದರು. ಅವರ ಕೆಲಸ ನೋಡಿ ಅವನೀಂದ್ರನಾಥರು ರೂಢಿಸಿಕೊಂಡ ಕ್ರಮ ಅದು. ಬಣ್ಣ ಹಚ್ಚಿ, ಒಣಗಿಸಿ, ಕಾಗದವನ್ನೇ ನೀರಿನಲ್ಲಿ ಅದ್ದಿ ತೆಗೆದು, ಮತ್ತೆ ಹಚ್ಚುವುದು. ಹತ್ತಾರು ಸಲ. ಅವಸರದವರ ಕೈಯಲ್ಲಿ ಅದು ಕೊಳೆ ನೀರಾಗುತ್ತದೆ. ದಿನಚರಿ, ಖರ್ಚುವೆಚ್ಚ ಎಲ್ಲವನ್ನೂ ಪೈಸೆ ಬಿಡದೆ ಬರೆದಿಡುತ್ತಿದ್ದ, ಮದುವೆಯಾಗದೆ ಋಷಿಯಂತೆ ಬದುಕಿದ ಮನುಷ್ಯನ ಕೈಯಲ್ಲಿ ಅದೇ ನೀರು ನೀಲಗಿರಿಯ ಬೆಳಗಾಯಿತು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಕಲಾ ಗ್ಯಾಲರಿ ಇದೆ, ಹೆಬ್ಬಾರರು ಕೊಟ್ಟ ಚಿತ್ರಗಳೂ ಆ ಸಂಗ್ರಹದಲ್ಲಿವೆ. ಅವಕಾಶವಾದಾಗ ಇಬ್ಬರನ್ನೂ ಒಂದೇ ದಿನ ನೋಡಿ. ಒಬ್ಬರು ಕುಣಿತದಿಂದ ಗೆರೆ ತಂದರು, ಒಬ್ಬರು ನಾದದಿಂದ ತಿಳಿಬಣ್ಣ ತಂದರು.

ಚಿತ್ರಕಾರ ಎಸ್.ಜಿ. ವಾಸುದೇವ್ ಅವರ ವೃಕ್ಷ ಸರಣಿಯ ಹಿಂದೆ ಬೇಂದ್ರೆಯವರ ಕಾವ್ಯವಿದೆ. ಪಟ್ಟಿ ಬೆಳೆಸುವುದು ಬೇಡ, ನಿಮ್ಮ ಮೇಜಿಗೆ ಬರೋಣ.

ಯಕ್ಷಗಾನದ ವೇಷ ಬರೆಯುತ್ತೇನೆ ಅಂದಿದ್ದೀರಿ. ಫೋನು ಮನೆಯಲ್ಲಿಟ್ಟು ಆಟಕ್ಕೆ ಹೋಗಿ. ನಿಮ್ಮ ಕಡೆ ಬಡಗುತಿಟ್ಟಿನ ಮೇಳಗಳಿಗೆ ಬರವಿಲ್ಲ. ಮೊದಲ ರಾತ್ರಿ ಕಾಗದವನ್ನೂ ಒಯ್ಯಬೇಡಿ. ಆಟ ಶುರುವಾಗುವ ಮೊದಲೇ ಹೋಗಿ, ಕೇಳಿಕೊಂಡು, ವೇಷ ಕಟ್ಟುವ ಚೌಕಿಯಲ್ಲಿ ಒಂದು ಮೂಲೆ ಹಿಡಿದು ಕೂತುಕೊಳ್ಳಿ. ವೇಷಧಾರಿ ತನ್ನ ಮುಖಕ್ಕೆ ತಾನೇ ಬಣ್ಣ ಬರೆಯುವುದನ್ನು ನೋಡಿ. ಕೈಗನ್ನಡಿ ಹಿಡಿದು, ಮೂಗಿನ ಮಧ್ಯದಿಂದ ಅಳತೆ ಹಾಕಿ, ಎರಡು ಹುಬ್ಬು ಸಮ ಮಾಡುವ ಆ ಕೈ ನಿಮ್ಮ ಸಹೋದ್ಯೋಗಿಯ ಕೈ. ಅಟ್ಟೆಗಳನ್ನು ಜೋಡಿಸಿ, ಬಟ್ಟೆ ಸುತ್ತಿ, ಹಗ್ಗ ಬಿಗಿದು ಕೇದಗೆ ಮುಂದಲೆ ಎಂಬ ತಲೆಯುಡುಗೆ ಕಟ್ಟುವಾಗ ಕುತ್ತಿಗೆಯ ನರ ಹೇಗೆ ಸೆಟೆಯುತ್ತದೆ ನೋಡಿ. ಅಷ್ಟು ಭಾರ ತಲೆಯ ಮೇಲಿದ್ದರೆ ಮನುಷ್ಯ ತಲೆಯನ್ನು ಬೇಕಾದಂತೆ ಅಲ್ಲಾಡಿಸಲಾರ. ತಿರುಗಬೇಕಾದರೆ ಎದೆಯಿಂದಲೇ ತಿರುಗಬೇಕು. ಯಕ್ಷಗಾನದ ವೇಷಕ್ಕೆ ಆ ಗಾಂಭೀರ್ಯ ಎಲ್ಲಿಂದ ಬಂತು ಎಂಬುದು ನಿಮಗೆ ಅಲ್ಲಿ ಗೊತ್ತಾಗುತ್ತದೆ. ಸಾವಿರ ಫೋಟೊ ನೋಡಿದರೂ ಈ ಭಾರ ಕಾಣುವುದಿಲ್ಲ, ನಾನು ಬಲ್ಲೆ. ಹತ್ತು ವರ್ಷ ಫೋಟೊ ನೋಡಿ ವೇಷ ಬರೆದವನು ನಾನು. ಒಂದು ಸಲ ಹಿರಿಯ ವೇಷಧಾರಿಯೊಬ್ಬರು ನನ್ನ ಚಿತ್ರವನ್ನು ಬಹಳ ಹೊತ್ತು ನೋಡಿ, 'ಚಂದ ಉಂಟು, ಆದ್ರೆ ಇವ್ನ ತಲೆ ಮೇಲೆ ಎಂತದೂ ಇಲ್ಲ ಮಾರಾಯ್ರೆ' ಅಂದರು. ಮುಂದಲೆಯ ಪ್ರತಿ ಜರಿಯನ್ನೂ ಬರೆದಿದ್ದೆ. ಭಾರವನ್ನು ಬರೆದಿರಲಿಲ್ಲ.

ಮರುದಿನ ಬೆಳಗ್ಗೆ ನಿದ್ದೆಗಣ್ಣಿನಲ್ಲೇ ನೆನಪಿನಿಂದ ಬರೆಯಿರಿ. ಹತ್ತು ಚಿತ್ರ ಕೆಟ್ಟು ಹೋಗಲಿ. ನೆನಪು ಬಹುಪಾಲು ಬಿಟ್ಟುಬಿಟ್ಟಿರುತ್ತದೆ, ಉಳಿಸಿಕೊಂಡದ್ದರಲ್ಲಿ ನೀವು ಇರುತ್ತೀರಿ. ಒಬ್ಬರಿಗೆ ಪಾದ ಉಳಿಯುತ್ತದೆ, ಇನ್ನೊಬ್ಬರಿಗೆ ಸೆರಗಿನ ಬೀಸು, ಮತ್ತೊಬ್ಬರಿಗೆ ಭಾಗವತರ ಕೈಯ ತಾಳ. ಎರಡನೆಯ ಆಟಕ್ಕೆ ಪುಸ್ತಕ ಒಯ್ಯಿರಿ. ಅಗ್ಗದ ನ್ಯೂಸ್‌ಪ್ರಿಂಟ್ ಕಾಗದ ಸಾಕು. ದುಬಾರಿ ಕಾಗದದ ಮೇಲೆ ಕೈ ಹೆದರುತ್ತದೆ. ಪೆನ್ಸಿಲ್ ಬೇಡ, ರಬ್ಬರ್ ಅಂತೂ ಬೇಡವೇ ಬೇಡ. ಪೆನ್ನು, ಅಥವಾ ಬಿದಿರಿನ ಕಡ್ಡಿಯನ್ನು ಓರೆಯಾಗಿ ಕೆತ್ತಿ ಶಾಯಿಯಲ್ಲಿ ಅದ್ದಿಕೊಳ್ಳಿ. ಮಣಿಕಟ್ಟಿನಿಂದ ಬರೆಯುವುದು ಅಕ್ಷರದ ಅಭ್ಯಾಸ. ಉದ್ದನೆಯ ಗೆರೆ ಭುಜದಿಂದ ಬರಬೇಕು, ಹಾಗಾಗಿ ಸಾಧ್ಯವಾದಾಗ ನಿಂತು ಬರೆಯಿರಿ. ಗೆರೆ ಹೊರಡುವ ಮುಂಚೆ ಉಸಿರು ಎಳೆದುಕೊಂಡು, ಬಿಡುತ್ತಾ ಎಳೆಯಿರಿ. ಚೆಂಡೆ ನಿಲ್ಲುವಲ್ಲಿ ಗೆರೆಯೂ ನಿಲ್ಲಲಿ. ಮೊದಮೊದಲು ಬರೀ ಗೀಚಾಟ ಅನ್ನಿಸುತ್ತದೆ. ನೂರರಲ್ಲಿ ಒಂದು ಗೆರೆ ನಿಮ್ಮನ್ನೇ ಬೆಚ್ಚಿಸುತ್ತದೆ, ಆ ಹಾಳೆಯನ್ನು ಎತ್ತಿಡಿ.

ಹತ್ತಿರದಲ್ಲಿ ಹೆಜ್ಜೆ ಕಲಿಸುವವರಿದ್ದರೆ ಮಕ್ಕಳ ಜತೆ ನೀವೂ ನಿಲ್ಲಿ. ನಾಚಿಕೆ ಬೇಡ. ಚಿತ್ರಕಲೆಯ ಟೀಚರ್ ಕುಣಿಯುವುದನ್ನು ನೋಡಿದ ಮಕ್ಕಳು ಮರುದಿನ ನಿಮ್ಮ ತರಗತಿಗೆ ಬೇರೆ ಮುಖ ಹೊತ್ತು ಬರುತ್ತಾರೆ. ಗುರುಗಳು ಆಗುವುದಿಲ್ಲ ಅಂದರೆ ಪಾದ ಬಡಿತ ಒಂದನ್ನಾದರೂ ಕಲಿಸಿ ಎಂದು ಕೇಳಿಕೊಳ್ಳಿ.

ಈಗ ನಿಮ್ಮ ಅಜ್ಜಿ.

'ಕಲಾವಿದರು ಯಾರೂ ಇಲ್ಲ, ಅಜ್ಜಿ ಮಾತ್ರ' ಎಂದು ಬರೆದಿದ್ದೀರಿ. ಆ 'ಮಾತ್ರ' ಎಂಬ ಪದ ನನಗೆ ನೋವು ಕೊಟ್ಟಿತು. ನಿಮ್ಮ ಮೇಲೆ ಸಿಟ್ಟಿಲ್ಲ, ನಮಗೆಲ್ಲ ಕಲಾಶಾಲೆಗಳು ಹಾಗೆ ಎಣಿಸುವುದನ್ನೇ ಕಲಿಸಿವೆ. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಆಳುದ್ದದ ಎಳೆಗಳನ್ನು ಒಂದರ ಪಕ್ಕ ಒಂದು ಎಳೆಯುವುದು ಯಾವ ಡಿಪ್ಲೊಮಾದವರಿಗೂ ಸುಲಭವಲ್ಲ. ಅಕ್ಕಿ ನೆನೆಸಿ ಅರೆದ ಬಿಳಿ, ಅಕ್ಕಿಯನ್ನೇ ಕರಿಯಾಗುವಷ್ಟು ಹುರಿದು ಅರೆದ ಕಪ್ಪು, ಗುರಿಗೆ ಕಾಯಿಯ ಹಳದಿ, ಗೋಡೆಯ ಕೆಂಪು. ನಾಲ್ಕೇ ಬಣ್ಣ. ಸಾಗರ ಸೀಮೆಯ ದೀವರ ಹೆಂಗಸರು ಈ ನಾಲ್ಕರಲ್ಲಿ ಮದುಮಕ್ಕಳಿಗೆ ಒಂದು ಲೋಕವನ್ನೇ ಕಟ್ಟಿಕೊಟ್ಟರು. ಭೂಮಿ ಹುಣ್ಣಿಮೆಯ ಭೂಮಣ್ಣಿ ಬುಟ್ಟಿಯ ಮೇಲೂ ಬರೆದರು, ಅಲ್ಲಿ ಗೋಡೆಯ ಸಮತಟ್ಟು ಇಲ್ಲ, ಹೆಣಿಗೆಯ ಏರಿಳಿತವಿದೆ, ಆದರೂ ಎಳೆ ತಪ್ಪಲಿಲ್ಲ.

ಹೆಬ್ಬಾರರ ಗೆರೆ ಬಾಗುತ್ತದೆ, ಚಿತ್ತಾರದ ಎಳೆ ನೆಟ್ಟಗೆ ಹೋಗುತ್ತದೆ. ಆದರೆ ಎರಡಕ್ಕೂ ಅಳಿಸಿ ತಿದ್ದುವ ಅಭ್ಯಾಸವಿಲ್ಲ, ಎರಡರ ಹಿಂದೆಯೂ ಮೈಯಲ್ಲಿ ಕೂತ ಒಂದು ಲೆಕ್ಕವಿದೆ. ಹೆಬ್ಬಾರರು ಆ ಲೆಕ್ಕಕ್ಕಾಗಿ ಮುಂಬೈಯಲ್ಲಿ ಗುರುವನ್ನು ಹುಡುಕಬೇಕಾಯಿತು. ನಿಮಗೆ ಒಳಗಿನ ಕೋಣೆಗೆ ಹೋದರೆ ಸಾಕು. ಚಿತ್ತಾರವನ್ನೇ ಕ್ಯಾನ್ವಾಸಿಗೆ ಇಳಿಸಿ ಮಾರಿ ಎಂದು ನಾನು ಹೇಳುತ್ತಿಲ್ಲ, ಆ ಕೆಲಸವನ್ನು ಶ್ರದ್ಧೆಯಿಂದ ಮಾಡುವವರು ಇದ್ದಾರೆ. ನಾಳೆ ನೀವು ಬರೆಯುವ ಯಕ್ಷಗಾನದ ವೇಷದಲ್ಲಿ ಚಿತ್ತಾರದ ಒಂದು ಎಳೆಯೂ ನೇರವಾಗಿ ಕಾಣದೇ ಇರಬಹುದು. ಹೆಬ್ಬಾರರ ಯಕ್ಷಗಾನದ ಗೆರೆಯಲ್ಲಿ ಕಥಕ್ ನೇರವಾಗಿ ಕಾಣುತ್ತದೆಯೇ? ಕಾಣುವುದಿಲ್ಲ. ಆದರೂ ಇದೆ.

ಮುಂದಿನ ರಜೆಯಲ್ಲಿ ಅಜ್ಜಿಯ ಹತ್ತಿರ ನೆಲದ ಮೇಲೆ ಕೂತುಕೊಳ್ಳಿ. ಪುಂಡಿನಾರನ್ನು ಎಷ್ಟು ಹೊತ್ತು ಜಜ್ಜಬೇಕು, ಕುಂಚದ ತುದಿಗೆ ಎಷ್ಟು ಎಳೆ ಬಿಡಬೇಕು, ಮೊದಲು ಯಾವ ಕಡೆಯಿಂದ ಶುರುಮಾಡಬೇಕು ಕೇಳಿ. ಫೋನಿನಲ್ಲಿ ಚಿತ್ರೀಕರಿಸುವ ಆಸೆಯಾಗುತ್ತದೆ, ಮೊದಲ ದಿನ ತಡೆದುಕೊಳ್ಳಿ. ಅವರ ಕೈ ಈಗ ನಡುಗುತ್ತಿದ್ದರೆ ನಿಮ್ಮ ಕೈ ಹಿಡಿದು ಎಳೆಸಲಿ. ಹಸೆಗೆ ಕರೆಯುವ ಹಾಡು ನೆನಪಿದ್ದರೆ ಹೇಳಲಿ, ಎಳೆ ಎಳೆಯುವಾಗ ಮನಸ್ಸಿನಲ್ಲಿ ಹಾಡು ಓಡುತ್ತಿತ್ತೇ ಎಂದು ವಿಚಾರಿಸಿ. ಅಕ್ಕಿಹಿಟ್ಟಿನ ಎಳೆ ಹಸಿಯಾಗಿದ್ದಾಗ ಕೆಮ್ಮಣ್ಣಿನ ಮೇಲೆ ಸರಿಯಾಗಿ ಕಾಣುವುದೂ ಇಲ್ಲ, ಒಣಗಿದ ಮೇಲಷ್ಟೇ ಬೆಳ್ಳಗೆ ಏಳುತ್ತದೆ. ಅರೆಬರೆ ಕಾಣುವ ಒಂದು ಎಳೆಯ ಪಕ್ಕದಲ್ಲಿ, ಬೆರಳಿನಷ್ಟೂ ಅಂತರ ಕೆಡದಂತೆ, ಇನ್ನೊಂದನ್ನು ಹೇಗೆ ಎಳೆಯುತ್ತಿದ್ದರು ಎಂಬುದನ್ನು ಕೇಳಲು ಮರೆಯಬೇಡಿ. ಅವರು ಏನು ಹೇಳಿದರೋ ಅದನ್ನು ಅವರದೇ ಮಾತಿನಲ್ಲಿ ನನಗೂ ಬರೆದು ಕಳಿಸಿ.